ಸಾಲಿನ ಕೊನೆಯ ಮನೆಯ ಬಿಸಿನೀರು

ಎರಡು ಸಾವಿರದ ದಶಕದ ಕೊನೆಗೆ ನಾನು ಚಳಿದೇಶವೊಂದರ ಲುಂಡ್ ಎಂಬ ಊರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಅಲ್ಲಿ ಊರಿಗೆಲ್ಲ ಒಂದೇ ಸ್ಥಾವರದಿಂದ ನೆಲದಡಿಯ ಪೈಪುಗಳಲ್ಲಿ ಬಿಸಿನೀರು ಹರಿದು ಮನೆಗಳ ಗೋಡೆಗೆ ಹಾಕಿದ ರೇಡಿಯೇಟರು ಎಂಬ ಲೋಹದ ಹಲಗೆಗಳನ್ನು ಕಾಯಿಸಿ ಕೋಣೆಗಳನ್ನು ಬೆಚ್ಚಗಿಡುತ್ತದೆ. ಆ ನೀರನ್ನು ಅಷ್ಟೊಂದು ಕಾಯಿಸದೆ ಕಳಿಸಿದರೆ ದಾರಿಯಲ್ಲಿ ಪೋಲಾಗುವ ಶಾಖ ಉಳಿಯುತ್ತದೆ ಎನ್ನುವುದು ನನ್ನ ಸಂಶೋಧನೆ. ಹತ್ತಿರದ ಪುಟ್ಟ ಊರೊಂದರ ಹಳೆಯ ಬೀದಿಯಲ್ಲಿ ಆ ಚಳಿಗಾಲ ಪ್ರಯೋಗ ನಡೆದಿತ್ತು.

ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದರು. ಅವರ ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ವಾರಕ್ಕೊಮ್ಮೆ ನಾನು ನೀರಿನ ಮತ್ತು ಕೋಣೆಯ ಬಿಸಿ ಅಳೆಯಲು ಹೋದಾಗ ಆಕೆ ಕಾಫಿ ಕೊಡುತ್ತಿದ್ದರು. ಜನವರಿಯಲ್ಲೊಂದು ದಿನ ಗಂಡನ ಉಣ್ಣೆಯ ಕಾಲುಚೀಲ ಕಳಚಿ, ನನ್ನ ಕೈ ಹಿಡಿದು ಆ ಪಾದದ ಮೇಲಿಟ್ಟರು. ತಣ್ಣಗೆ ಕೊರೆಯುತ್ತಿತ್ತು.

"ಸ್ವಲ್ಪ ಬಿಸಿ ಜಾಸ್ತಿ ಮಾಡ್ತೀರಾ?"

ಆ ಮನೆಯ ರೇಡಿಯೇಟರುಗಳು ಹಿಂದಿನ ಸುಡುನೀರಿಗೆಂದು ಹಾಕಿದ ಚಿಕ್ಕವು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಇನ್ನೂ ಆರುತ್ತಿದ್ದ ಈಗಿನ ನೀರಿಗೆ ಅವು ಸಾಲುತ್ತಿರಲಿಲ್ಲ. ನನ್ನ ಗೈಡ್‌ಗೆ ಹೇಳಿದೆ. ನೀರು ಕಳಿಸುವವರನ್ನು ಕೇಳು ಎಂದರು. ಅವರು, ಒಂದು ಮನೆಗಾಗಿ ಇಡೀ ಬೀದಿಯ ನೀರು ಕಾಯಿಸಲಾಗದು, ದೊಡ್ಡ ರೇಡಿಯೇಟರು ಹಾಕಿಸುವುದು ಮನೆ ಬಾಡಿಗೆಗೆ ಕೊಟ್ಟವರ ಕೆಲಸ ಎಂದರು. ಬಾಡಿಗೆಗೆ ಕೊಟ್ಟವರು ಮೇ ತಿಂಗಳಿಗೆ ಎಂದರು. ಎಲ್ಲರೂ ನಯವಾಗಿಯೇ ಮಾತಾಡಿದರು. ಜಗಳವಾಡಲೂ ಯಾರೂ ಸಿಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ನಮ್ಮ ಕರೆಂಟ್ ಹೀಟರ್ ಇದ್ಯಲ್ಲ, ತಗೊಂಡ್ಹೋಗಿ ಕೊಡಿ."

"ಅದಿಟ್ರೆ ಆ ಮನೆ ರೀಡಿಂಗೆಲ್ಲಾ ಹಾಳಾಗತ್ತೆ ಕಣೇ."

"ಹಾಳಾದ್ರೆ ಆಗ್ಲಿ. ಅಲ್ಲಿರೋರು ಮನುಷ್ಯರು ಅಲ್ವೇನ್ರೀ?"

ನಾಲ್ಕು ದಿನ ಮೀನಮೇಷ ಎಣಿಸಿದೆ. ಐದನೆಯ ದಿನ ಹೀಟರನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದುಕೊಂಡು ಹೊರಟೆ.

ಬಾಗಿಲು ತೆರೆದ ಆಕೆ ಹೀಟರನ್ನೇ ನೋಡಿದರು. "ಮೊನ್ನೆ ಅವರಿಗೆ ನ್ಯುಮೋನಿಯಾ ಆಯ್ತು. ಆಸ್ಪತ್ರೆಯಲ್ಲಿದ್ದಾರೆ."

"ಚಳಿಯಿಂದಲೇ ಆಯ್ತಾ?" ಎಂದು ಹೇಗೋ ಕೇಳಿದೆ.

"ಗೊತ್ತಿಲ್ಲ. ಮಲಗಿದಲ್ಲೇ ಇರೋರಿಗೆ ಹೇಗೂ ಬರುತ್ತೆ," ಎಂದರು, ನರ್ಸಿನ ದನಿಯಲ್ಲಿ. "ಬಂದಿದ್ದೀರಲ್ಲ, ಅಳತೆ ಮಾಡಿಕೊಳ್ಳಿ."

ಮಾಡಿಕೊಂಡೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಆಕೆಯ ಗಂಡ ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ. ಮೇ ತಿಂಗಳಲ್ಲಿ ದೊಡ್ಡ ರೇಡಿಯೇಟರುಗಳು ಬಂದವು. ಮುಂದಿನ ಚಳಿಗಾಲ ಅದೇ ಕಡಿಮೆ ಬಿಸಿಯ ನೀರಿನಲ್ಲಿ ಮನೆ ಹಿತವಾಗಿ ಬೆಚ್ಚಗಿತ್ತು. ಆಕೆ ಒಬ್ಬರೇ ಇದ್ದರು. ಸಾಲಿನ ಕೊನೆಯ ಮನೆಗಳ ರೇಡಿಯೇಟರುಗಳನ್ನು ಬದಲಿಸಿದ ಮೇಲೆಯೇ ನೀರಿನ ಬಿಸಿ ಇಳಿಸಬೇಕು ಎಂದು ನನ್ನ ಪ್ರಬಂಧದಲ್ಲಿ ಒಂದು ಸಾಲು ಬರೆದೆ. ಉಪಯುಕ್ತ ಸಲಹೆ ಎಂದರು ಪರೀಕ್ಷಕರೊಬ್ಬರು.