ರಾಗಿ ರಾಶಿಯ ಅಂಚಿಗೆ ಮಲಗಿದ ಸೋಮ

ಕಳೆದ ವರ್ಷ ಮದರಾಸಿನ ಕಡೆ ಚಂಡಮಾರುತ ಎದ್ದು, ನಮ್ಮ ಹಾಸನದಲ್ಲೂ ನಾಲ್ಕು ದಿನ ಸೂರ್ಯನ ಮುಖ ಕಾಣಿಸದೆ ಹೋದ ವಾರ ಅದು. ನಾನು ಮತ್ತು ಗೆಳೆಯ ಸೋಮ ಒಂದೇ ಕಚೇರಿಯಲ್ಲಿ ಗುಮಾಸ್ತರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೈಕಲ್ ತುಳಿಯುವುದು ನಮ್ಮಿಬ್ಬರ ಹುಚ್ಚು. ಊರಾಚೆಯ ಕೊರವಂಗಲದವರೆಗೆ ಹೋಗಿ ಬಂದು, ಆಮೇಲೆ ಮೇಜಿನ ಮುಂದೆ ಕುಳಿತು ಡಬ್ಬಿ ಬಿಚ್ಚುತ್ತಿದ್ದೆವು. ಸೋಮನದು ಹೊಸ ರೇಸ್ ಸೈಕಲ್ಲು. ಗೀರು ಬಿದ್ದೀತೆಂದು ಅದನ್ನು ಗೋಡೆಗೂ ಒರಗಿಸುತ್ತಿರಲಿಲ್ಲ. ನಾನು ಮುಟ್ಟಿದರಂತೂ ಮುಖ ಸಿಂಡರಿಸುತ್ತಿದ್ದ.

ಆವತ್ತು ಎದುರುಗಾಳಿ. "ಬ್ಯಾಡ ಕಣ್ಲಾ, ಎರಡೂವರೆಗೆ ಸಾಹೇಬ್ರ ಮೀಟಿಂಗ್ ಐತೆ" ಎಂದೆ. "ಬಿರ್ನೆ ಬಂದ್ಬುಡಾಣ ಬಾರ್ಲಾ" ಎಂದು ಹೊರಟೇಬಿಟ್ಟ.

ಕೊರವಂಗಲ ಹತ್ತಿರವಾದಾಗ ಅರ್ಧ ರಸ್ತೆಗೆ ರಾಗಿ ತೆನೆ ಹರಡಿತ್ತು. ಹೋಗಿಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ನಮ್ಮ ಕಡೆ ಹೀಗೆ ಹಾಕುತ್ತಾರೆ. ನನ್ನ ಸೈಕಲ್ಲಿನ ಸಣ್ಣ ಟೈರು ಜಾರಿ ದಬ್ಬೆಂದು ಬಿದ್ದೆ. ಮೊಣಕೈ ತರಚಿತು. "ರಸ್ತೆ ಏನು ಇವರ ಮನೆ ಅಂಗಳವಾ?" ಎಂದು ಬಾಯಿಗೆ ಬಂದಂತೆ ಬೈಯುತ್ತ ಎದ್ದೆ.

ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಹಲಗೆ ಹಿಡಿದು ಒಬ್ಬಳೇ ಕಾಳು ಒತ್ತರಿಸುತ್ತಿದ್ದಳು. ನನ್ನ ಬೈಗುಳ ಅವಳ ಕಿವಿಗೇ ಬೀಳಲಿಲ್ಲ. ಮುಂದಿನ ಊರು ದುದ್ದದ ದಿಕ್ಕಿನಿಂದ ಮಳೆ ಬರುವುದು ಕಾಣುತ್ತಿತ್ತು. "ಮೋಡ ಸರ್ಕಂಡೋಯ್ತದೆ ಅಂತ ಆಕ್ಬುಟ್ಟೆ ಕಣಪ್ಪಾ. ನಮ್ಗೆ ವರ್ಷದ ಹಿಟ್ಟು ಇದೇಯ" ಎಂದಳು.

ಸೋಮ ಸೈಕಲ್ಲಿಳಿದ. ನಾನು ಇದ್ದಂತೆಯೇ ನುಗ್ಗಿದೆ. "ಲೇ, ಶೂ ಬಿಚ್ಲಾ. ರಾಶಿ ಅದು" ಎಂದು ಗದರಿದ. ಅವನಾಗಲೇ ಬರಿಗಾಲಲ್ಲಿದ್ದ. ಕಣಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗಬಾರದೆಂದು ಅಜ್ಜನ ಕೈಲಿ ಬೈಸಿಕೊಂಡು ಬೆಳೆದವನು ನಾನು. ಟಾರು ರಸ್ತೆಯಾದರೆ ಅದು ಕಣವಲ್ಲ ಎಂದು ಅದು ಯಾವಾಗ ಅಂದುಕೊಂಡೆನೋ, ನಾಚಿಕೆಯಾಯಿತು.

ಹುಲ್ಲನ್ನು ಪಕ್ಕಕ್ಕೆಳೆದು, ಕಾಳನ್ನು ಕೈಯಲ್ಲಿ, ಹೆಲ್ಮೆಟ್ಟಿನಲ್ಲಿ ಬಾಚಿ ರಸ್ತೆಯಂಚಿಗೆ ಗುಡ್ಡೆ ಹಾಕಿದೆವು. ಅವಳು ತಂದಿದ್ದ ಟಾರ್ಪಾಲು ಹೊದಿಸುವಷ್ಟರಲ್ಲಿ ಮಳೆ ಬಂದೇಬಿಟ್ಟಿತು. ಅವಳು ಇಟ್ಟುಕೊಂಡಿದ್ದ ನಾಲ್ಕು ಕಲ್ಲು ಗಾಳಿಗೆ ಯಾವ ಲೆಕ್ಕ? ಸೋಮ ತನ್ನ ಸೈಕಲ್ಲು ತಂದು ಟಾರ್ಪಾಲಿನ ಅಂಚಿಗೆ ಅಡ್ಡ ಕೆಡವಿದ. ಹಗುರವಾಗಿದೆಯೆಂದೇ ಕೊಂಡ ಸೈಕಲ್ಲು, ಗಾಳಿ ಅದನ್ನೂ ಎತ್ತಿತು. ಆಗ ತಾನೇ ಅಂಚಿನ ಮೇಲೆ ಅಂಗಾತ ಮಲಗಿಬಿಟ್ಟ. ಇನ್ನೊಂದು ಅಂಚಿಗೆ ನಾನು ಮಲಗಿದೆ, ಮತ್ತೊಂದು ಕಡೆ ಅವಳು ಕುಳಿತಳು. ಬಸ್ಸೊಂದು ನಿಧಾನ ಮಾಡಿ, ಒಳಗಿದ್ದವರೆಲ್ಲ ನಮ್ಮನ್ನು ಇಣುಕಿ ನೋಡಿಕೊಂಡು ಹೋದರು.

"ಸಾಹೇಬ್ರು ಉಗೀತಾರೆ ಕಣ್ಲಾ" ಎಂದೆ.

"ಉಗೀಲಿ ಬುಡು. ನಮ್ಮವ್ವ ಕೂಲಿಗೋದ ಕಣದಲ್ಲಿ ಮಳೆ ಬಂದ್ರೆ ಎಲ್ರಿಗಿಂತ ಮೊದ್ಲು ಓಡೋಳು. ರಾಶಿ ಯಾರ್ದಾದ್ರೇನು, ನೆನುದ್ರೆ ಮೊಳಕೆ ಬತ್ತದೆ ಅನ್ನೋಳು" ಎಂದ. ಎಂಟು ವರ್ಷದ ಗೆಳೆತನದಲ್ಲಿ ಅವನು ತಾಯಿಯ ಮಾತೆತ್ತಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ನಾಲ್ಕೆಕರೆ ಹೊಲವಿದೆ. ಸೋಮನಿಗೆ ಅಂಗೈಯಗಲ ಜಮೀನಿಲ್ಲ.

ಮುಕ್ಕಾಲು ಗಂಟೆಗೆ ಮಳೆ ನಿಂತಿತು. ಆಕೆ ಟಾರ್ಪಾಲೆತ್ತಿ ಮೊಣಕೈವರೆಗೂ ರಾಶಿಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದಳು. ಒಣಗಿದ ರಾಗಿ ಅವಳ ಬೆರಳ ಸಂದಿಯಿಂದ ಸರಸರ ಉದುರಿತು. ಅವಳು ಅತ್ತುಬಿಟ್ಟಳು. ಸೋಮ ಬೇರೆಲ್ಲೋ ನೋಡುತ್ತ ಶೂ ಕಟ್ಟಿಕೊಂಡ.

ಕಚೇರಿ ತಲುಪುವಾಗ ಮೂರೂವರೆ. ಎಲ್ಲರೆದುರಿಗೆ ಸಾಹೇಬರು ಚೆನ್ನಾಗಿ ಬೈದರು. "ಪಂಕ್ಚರ್ ಆಯ್ತು ಸಾ" ಎಂದು ಸೋಮ ತಲೆ ತಗ್ಗಿಸಿ ನಿಂತ. ನಿಜವನ್ನೇ ಹೇಳಬಹುದಿತ್ತಲ್ಲ ಎಂದು ಆಮೇಲೆ ಕೇಳಿದೆ. "ರಾಗಿ ನೆನೀಲಿಲ್ವಲ್ಲ, ಇನ್ನೇನ್ಲಾ ಹೇಳೋದು?" ಎಂದು ಡಬ್ಬಿ ಬಿಚ್ಚಿದ.

ಇವತ್ತಿನವರೆಗೂ ಅವನು ಯಾರಿಗೂ ಹೇಳಿಲ್ಲ. ನನಗೆ ಮಾತ್ರ ತಡೆಯಲಾಗದೆ ಬರೆಯುತ್ತಿದ್ದೇನೆ.