ನಮ್ಮ ಗೋಡೆಯ ಮೇಲಿನ ಜ್ವರ

ಗೆಳತಿಯರೇ, ಇವತ್ತು ಸರ್ಕಾರದ ಜೊತೆ ಜಗಳವಾಡಿ ಸೋತೆ. ಸರ್ಕಾರವೆಂದರೆ, ಕಾಲುವೆ ಬಂದು ಸೊಳ್ಳೆ ಹೆಚ್ಚಿದ ಮೇಲೆ ನಮ್ಮ ಜವಳಗೇರಾಕ್ಕೆ ಸೈಕಲ್ ಮೇಲೆ ಬರುವ ಮಲೇರಿಯಾದವರು. ಯಾವ ಮನೆಯಲ್ಲಿ ಯಾರಿಗೆ ಜ್ವರವಿದೆ ಎಂದು ಕೇಳಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆದು ಹೋಗುತ್ತಾರೆ. ಮೂರು ರಾತ್ರಿಯಿಂದ ನನ್ನನ್ನು ಮಲಗಗೊಡದ ಮಗನ ಹಿಮ್ಮಡಿ ಚುಚ್ಚಿ ಪರೀಕ್ಷೆಗೆ ರಕ್ತ ತೆಗೆದುಕೊಂಡು, 'ಕೂಸು, ಜ್ವರ' ಎಂದು ಬರೆದೇಬಿಟ್ಟರು.

"ಅಳಿಸ್ರಿ! ಓಣಿ ಮಂದಿ ಎಲ್ಲಾ ಓದ್ತಾರ," ಅಂದೆ.

"ಓದ್ಲಿ ಅಂತನ ಬರಿಯೋದ್ರೀ ಯಕ್ಕಾ. ಸರ್ಕಾರಿ ದಾಖಲೆ ಇದು."

"ನನ್ನ ಕೂಸಿನ ಜ್ವರ ಸರ್ಕಾರದ್ದಲ್ರಿ!"

ಒಳಗಿದ್ದ ಅತ್ತೆ ನಕ್ಕರು. "ದಿನಾ ಮುಂಜಾನಿ ಮಂದಿ ಗ್ವಾಡಿ ಓದಿ, ಜ್ವರ ಇದ್ದ ಮನಿಯವ್ರ ಕೈಗೆ ಕೂಸು ಕೊಡದಾಕಿ ನೀನ ಅಲ್ಲೇನಬೇ?"

ನಿಜ. ಮಲೇರಿಯಾ ಮುಟ್ಟಿದರೆ ಅಂಟುವುದಿಲ್ಲ ಎಂದು ಕಾಲೇಜಿನಲ್ಲಿ ಓದಿಯೂ, ಹೋದ ವಾರ ಎದುರುಮನೆಯ ಶರಣಮ್ಮನ ಗೋಡೆ ನೋಡಿ ಅವಳ ಕೈಯಿಂದ ನನ್ನ ಮಗುವನ್ನು ಕಸಿದುಕೊಂಡು ಬಂದವಳು ನಾನೇ.

ಮಲೇರಿಯಾದವರು ಹೋದ ಮೇಲೆ ಬರಹ ಅಳಿಸಲು ಒದ್ದೆ ಬಟ್ಟೆ ಹಿಡಿದು ಹೊರಬಂದರೆ, ಆ ಶರಣಮ್ಮನೇ ನಿಂತಿದ್ದಳು.

"ನೀ ನಮ್ಮ ಗ್ವಾಡಿ ಓದಿ ದೂರ ಹೋದಿ. ನನಗ ಓದಾಕ ಬರಂಗಿಲ್ಲ, ಅದಕ್ಕ ಬಂದೀನಿ. ಕೂಸು ಕೊಟ್ಟು ಮಲಕ್ಕೋ ಹೋಗು."

ಎರಡು ತಾಸು ಮಲಗಿದೆ. ಎದ್ದು ನೋಡಿದರೆ ಶರಣಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು, ಆ ಬರಹದ ಮೇಲೆ ಬೆರಳಿಟ್ಟು, ಬಂದವರಿಗೆಲ್ಲ ಓದಿ ಹೇಳುತ್ತಿದ್ದಳು: "ಇಲ್ಲಿ ಬರದಾರ ನೋಡ್ರಿ, 'ಕೂಸಿನ ತಾಯಿ ಮಲಗ್ಯಾಳ, ಗದ್ಲ ಮಾಡಬ್ಯಾಡ್ರಿ' ಅಂತ."

ಸರ್ಕಾರ ಇಷ್ಟು ಒಳ್ಳೆಯದನ್ನು ಬರೆದಿರುವಾಗ ಅಳಿಸುವುದು ಹೇಗೆ?