ಒಂದು ಪೇಟ, ಎರಡು ತಲೆ

ಅಮೆರಿಕದ ಆಶ್‌ಬರ್ನಿನ ನಮ್ಮ ಕನ್ನಡ ಕೂಟಕ್ಕೆ ಶೇಷಾದ್ರಿಯವರು ಆರು ವರ್ಷದಿಂದ ಅಧ್ಯಕ್ಷರು. ಊರು ಮೈಸೂರು, ಕೆಲಸ ಡೇಟಾ ಸೆಂಟರಿನಲ್ಲಿ ಮ್ಯಾನೇಜರ್. ಅವರದು ಯಾವ ಪಕ್ಷ ಎಂದು ಯಾರೂ ಕೇಳಬೇಕಾಗಿಲ್ಲ, ಗೆಲ್ಲುವ ಪಕ್ಷ. 2020ರ ಚುನಾವಣೆಯಲ್ಲಿ ಮನೆ ಮುಂದೆ ಒಂದು ಪಕ್ಷದ ಬೋರ್ಡು ನೆಟ್ಟಿದ್ದರು, ಇನ್ನೊಂದು ಪಕ್ಷದ್ದು ಗ್ಯಾರೇಜಿನಲ್ಲಿ ಸಿದ್ಧವಿತ್ತು. ಮತ ಎಣಿಕೆ ಮುಗಿಯದೇ ಇದ್ದ ಆ ನಾಲ್ಕು ದಿನ ಎರಡೂ ಗ್ಯಾರೇಜಿನಲ್ಲೇ ಇದ್ದವು.

ಅವರಿಗೆ ಬೇಕಾಗಿದ್ದುದು ರಾಜ್ಯದ ವ್ಯಾಪಾರ ಸಲಹಾ ಸಮಿತಿಯಲ್ಲಿ ಒಂದು ಕುರ್ಚಿ. ಸಂಬಳವಿಲ್ಲ, ಅಧಿಕಾರವಿಲ್ಲ, ಮೇಜಿನ ಮೇಲೆ ಹೆಸರಿನ ಫಲಕ ಮಾತ್ರ ಉಂಟು. ಗೆದ್ದ ಶಾಸಕರು ಶಿಫಾರಸು ಮಾಡಿದರೆ ಸಿಕ್ಕೀತು. ಹಾಗಾಗಿ 2025ರ ರಾಜ್ಯೋತ್ಸವಕ್ಕೆ, ಚುನಾವಣೆಗೆ ಎರಡೇ ದಿನ ಇರುವಾಗ, ಎರಡೂ ಪಕ್ಷದ ಅಭ್ಯರ್ಥಿಗಳನ್ನು ಕರೆದರು. ಒಬ್ಬರು ಗಂಡಸು, ಅವರಿಗೆ ಹನ್ನೊಂದು ಗಂಟೆ. ಇನ್ನೊಬ್ಬರು ಹೆಂಗಸು, ಅವರಿಗೆ ಒಂದು ಗಂಟೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುತ್ತಾರಲ್ಲ, ಫೋಟೋ ಆದ ಮೇಲೆ ತೆಗೆದಿಟ್ಟುಕೊಂಡರೆ ಸನ್ಮಾನಕ್ಕೆ ಒಂದೇ ಮೈಸೂರು ಪೇಟ ಸಾಕು ಎಂದರು.

ಆ ವರ್ಷ ಎಲ್ಲರ ಬಾಯಲ್ಲೂ ಆಮದು ಸುಂಕದ್ದೇ ಮಾತು. ಮಗಳು ನಿಧಿಯ ಹೈಸ್ಕೂಲ್ ಚರಿತ್ರೆ ಪುಸ್ತಕದಿಂದ ಶೇಷಾದ್ರಿಯವರು ಇಂಗ್ಲಿಷಿನಲ್ಲೇ ಎರಡು ಭಾಷಣ ಇಳಿಸಿಕೊಂಡರು, ಒಂದೇ ಹಾಳೆಯ ಎರಡು ಬದಿಗೆ. ಮುಂಬದಿಗೆ: ನೂರಮೂವತ್ತು ವರ್ಷದ ಹಿಂದೆ ಅಮೆರಿಕದ ಉಕ್ಕಿನ ಕುಲುಮೆಗಳು ಉರಿದದ್ದೇ ಸುಂಕದ ಆಸರೆಯಿಂದ. ಹಿಂಬದಿಗೆ: ಸುಂಕದ ಲಾಭ ಯಜಮಾನರಿಗೆ, ಭಾರ ಕರೋಲಿನಾದ ಹತ್ತಿ ಗಿರಣಿಗೆ ಮಕ್ಕಳನ್ನು ಕಳಿಸಿದ ಬಡವರಿಗೆ. ಆ ಕಾಲದ ಪಕ್ಷಗಳು ಉಳ್ಳವರ ಜೇಬಿನಲ್ಲಿದ್ದರೂ ಒಂದೊಂದು ಬದಿ ಹಿಡಿದು ಕಾದಾಡಿದ್ದವು. ಇವರಿಗೆ ಅಷ್ಟೂ ಆಗಲಿಲ್ಲ. ಸುಂಕ ರಾಜ್ಯದ ಶಾಸಕರ ಕೈಯಲ್ಲಿಲ್ಲ ಎಂಬುದನ್ನಂತೂ ಅವರು ಓದಿಯೇ ಇರಲಿಲ್ಲ.

ಅವರು ಮರೆತದ್ದು ನಮ್ಮನ್ನು. ಹನ್ನೊಂದು ಎಂದರೆ ನಮ್ಮ ಜನ ಬರುವುದು ಹನ್ನೆರಡೂವರೆಗೆ. ಮೊದಲ ಅತಿಥಿ ಖಾಲಿ ಕುರ್ಚಿಗಳ ಮುಂದೆ ಒಂದೂವರೆ ಗಂಟೆ ಕೂತರು. ಅವರ ತಲೆಗೆ ಪೇಟ ಏರುವಷ್ಟರಲ್ಲಿ ಎರಡನೆಯವರು, ಹೇಳಿದ್ದಕ್ಕಿಂತ ಐದು ನಿಮಿಷ ಮುಂಚೆಯೇ, ಬಾಗಿಲಲ್ಲಿದ್ದರು. ಅವರನ್ನೂ ವೇದಿಕೆಗೆ ಕರೆದು ಕೂರಿಸಬೇಕಾಯಿತು.

ನಿಧಿ ತಟ್ಟೆ ಹಿಡಿದು ವೇದಿಕೆಯ ಮೇಲೆ ನಿಂತಿದ್ದಳು. "ಅಪ್ಪಾ, ಪ್ಲೇಟ್ ಎಂಪ್ಟಿ. ಆ ಅಂಕಲ್ ತಲೆಯಿಂದ ತೆಗೀಲಾ?"

"ಶ್! ಸುಮ್ನೆ ಸ್ಮೈಲ್ ಮಾಡೇ."

ಹಿಂದಿನ ಸಾಲಿನಿಂದ ಕರಬಸಪ್ಪ ಕೂಗಿದರು. ಇಳಕಲ್ಲಿನ ಗ್ರಾನೈಟ್ ತರಿಸಿ ಇಲ್ಲಿಯ ಅಡುಗೆಮನೆಗಳಿಗೆ ಕೂರಿಸುವವರು ಅವರು. ಸುಂಕ ಏರಿದ ಮೇಲೆ ಕಲ್ಲು ತರಿಸುವುದನ್ನೇ ನಿಲ್ಲಿಸಿದ್ದರು. "ಒಂದ ಪೇಟಾ, ಎರಡ ತಲಿ! ಹೆಂಗ್ರೀ ಅಧ್ಯಕ್ಷರ?"

ಸಭೆ ನಕ್ಕಿತು. ಶೇಷಾದ್ರಿಯವರು ಹಾಳೆ ಹಿಡಿದು ಮೈಕಿನ ಮುಂದೆ ನಿಂತರು. ಮುಂದಿನ ಬದಿ ನೋಡಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು.

ಕರಬಸಪ್ಪ ಎದ್ದು ನಿಂತು ಹೆಬ್ಬೆರಳನ್ನು ಮೇಲಕ್ಕೆ, ಆಮೇಲೆ ಕೆಳಕ್ಕೆ ತೋರಿಸಿದರು. "ಟ್ಯಾರಿಫ್, ಸರ್. ಅಪ್ ಆರ್ ಡೌನ್?"

ಅತಿಥಿಗಳಿಬ್ಬರೂ ಕುತ್ತಿಗೆ ಚಾಚಿದರು. ಶೇಷಾದ್ರಿಯವರು ಊಟದ ಮೇಜಿನತ್ತ ನೋಡಿದರು. ಕೊನೆಗೆ ಬಂದ ಮಾತು: "ಬಿಸಿಬೇಳೆ ಬಾತ್ ಆರಿಹೋಗ್ತಿದೆ. ಲಂಚ್ ಮಾಡ್ಬಿಡೋಣ."

ಗಡಿಬಿಡಿಯಲ್ಲಿ ಹಾಳೆ ಮೈಕಿನ ಬಳಿಯೇ ಉಳಿಯಿತು. ವಂದನೆ ಹೇಳಲು ಬಂದ ಮೊದಲ ಅತಿಥಿ ಅದನ್ನು ಓದಿ ತಲೆದೂಗಿದರು. ತಿರುಗಿಸಿ ಓದಿದರು. ಎದುರಾಳಿಯನ್ನು ಕರೆದು ತೋರಿಸಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವರೇ ಪೇಟ ತೆಗೆದು ಆಕೆಯ ತಲೆಗಿಟ್ಟರು. ಆ ಚುನಾವಣೆಯಲ್ಲಿ ಎರಡು ಪಕ್ಷಗಳು ಒಮ್ಮತಕ್ಕೆ ಬಂದ ವಿಷಯ ಅದೊಂದೇ ಇರಬೇಕು.

ಜನವರಿಯಲ್ಲಿ ಗೆದ್ದವರ ಕಚೇರಿಯಿಂದ ಫೋನ್ ಬಂದಾಗ ನಾನು ಶೇಷಾದ್ರಿಯವರ ಮನೆಯಲ್ಲಿದ್ದೆ. ಅವರು ಎದ್ದು ನಿಂತು, ಶರ್ಟಿನ ಗುಂಡಿ ಹಾಕಿಕೊಂಡು ಮಾತಾಡಿದರು. ಸಲಹಾ ಸಮಿತಿಗೆ ಹೆಸರು ಬೇಕಾಗಿತ್ತಂತೆ. ಅಂದು ಪ್ರಶ್ನೆ ಕೇಳಿದ ಕಲ್ಲಿನ ವ್ಯಾಪಾರಿಯ ನಂಬರ್ ಕೊಡುತ್ತೀರಾ ಎಂದರಂತೆ.

"ಸಾರಿ, ನನ್ ಹತ್ರ ಇಲ್ಲ ಅಂದೆ" ಎಂದು ಅವರು ಕೂತರು.

ರಾಜ್ಯೋತ್ಸವಕ್ಕೆ ಕಟ್ಟಿದ್ದ ಕರಬಸಪ್ಪನವರ ಅಂಗಡಿಯ ಬ್ಯಾನರು, ನಂಬರಿನ ಸಮೇತ, ಅವರದೇ ಗ್ಯಾರೇಜಿನಲ್ಲಿ ಆ ಎರಡು ಬೋರ್ಡುಗಳ ಪಕ್ಕದಲ್ಲಿತ್ತು. ಹೊರಡುವಾಗ ನಂಬರ್ ಬರೆದುಕೊಂಡೆ.